ಮೊಬೈಲ್ ಟೀಚರ ಕೈಯಲ್ಲಿರಲಿ, ಕಣ್ಣು ಮಗುವಿನ ಮೇಲಿರಲಿ

ನಮ್ಮ ಕಾಲೇಜಿನ ಗೇಟಿನೊಳಗೆ ಮೊಬೈಲ್ ತರುವಂತಿಲ್ಲ. ಬ್ಯಾಗಿನಲ್ಲಿ ಸಿಕ್ಕಿಬಿದ್ದರೆ ಅದು ಪ್ರಾಂಶುಪಾಲರ ಕಪಾಟು ಸೇರುತ್ತದೆ. ಮನೆಯವರು ಬಂದು ಸಹಿ ಹಾಕಿದ ಮೇಲೆಯೇ ವಾಪಸ್ಸು. ಹದಿನೇಳು ವರ್ಷದವರ ಗಮನ ಕೆಡುತ್ತದೆ ಎಂಬುದು ಇದಕ್ಕೆ ಕಾರಣ. ಈ ನಿಯಮದ ಬಗ್ಗೆ ನನಗೆ ತಕರಾರಿಲ್ಲ. ಆದರೆ ಮೂರು ವರ್ಷದ ಮಕ್ಕಳು ಕೂರುವ ಅಂಗನವಾಡಿಯಲ್ಲಿ ಟೀಚರು ಮೊಬೈಲ್ ಕೈಗೆತ್ತಿಕೊಂಡು ನಮೂದಿಸದಿದ್ದರೆ ಆ ದಿನ ಕೇಂದ್ರ ತೆರೆದ ಲೆಕ್ಕವೇ ಆಗುವುದಿಲ್ಲ. ಎಷ್ಟೋ ಖಾಸಗಿ ಎಲ್‌ಕೆಜಿಗಳಲ್ಲಿ ಗೋಡೆಯ ಮೇಲೊಂದು ದೊಡ್ಡ ಟಿ.ವಿ., ಟೀಚರ ಮೇಜಿನ ಮೇಲೊಂದು ಟ್ಯಾಬ್, ಪ್ರವೇಶದ ಕರಪತ್ರದಲ್ಲಿ ಎಲ್ಲಕ್ಕಿಂತ ದಪ್ಪಕ್ಷರದಲ್ಲಿ 'ಸ್ಮಾರ್ಟ್ ಕ್ಲಾಸ್' ಎಂಬ ಮಾತು. ಹದಿನೇಳರವರಿಗೆ ಬೇಡವೆಂದ ವಸ್ತು ಮೂರರವರ ತರಗತಿಯಲ್ಲಿ ಕಡ್ಡಾಯವಾದದ್ದು ಹೇಗೆ? ಅಲ್ಲಿ ಅದು ಯಾರ ಕೆಲಸಕ್ಕೆ ಬರುತ್ತಿದೆ? ಈ ಲೇಖನದಲ್ಲಿ ನಾನು ಕೇಳಬೇಕೆಂದಿರುವುದು ಇದನ್ನೇ.

ಪಿಯು ವಿದ್ಯಾರ್ಥಿಗಳಿಗೆ ಅಂಗನವಾಡಿಯ ಚಿಂತೆ ಏಕೆ ಎಂದು ಕೆಲವರು ಕೇಳಬಹುದು. ಉತ್ತರ ಸರಳ. ಅಂಗನವಾಡಿ ಕಾರ್ಯಕರ್ತೆಯ ಹುದ್ದೆಗೆ ಹಿಂದೆ ಎಸ್ಸೆಸ್ಸೆಲ್ಸಿ ಸಾಕಿತ್ತು, ಈಗ ಪಿಯುಸಿ ತೇರ್ಗಡೆಯಾಗಿರಬೇಕು. ಅಂದರೆ ಈ ಹುದ್ದೆಗೆ ಅರ್ಜಿ ಹಾಕುವವರು ನಮ್ಮಂಥವರೇ. ಪಿಯುಸಿ ಮುಗಿಸಿ ಮಾಂಟೆಸ್ಸೊರಿ ತರಬೇತಿಗೆ, ನರ್ಸರಿ ಟೀಚರ್ ತರಬೇತಿಗೆ ಸೇರುವವರು ನಮ್ಮ ಕಲಾ ಮತ್ತು ವಾಣಿಜ್ಯ ವಿಭಾಗದಲ್ಲಿ ಪ್ರತಿ ವರ್ಷ ಇದ್ದೇ ಇರುತ್ತಾರೆ. ಇದನ್ನು ಓದುತ್ತಿರುವವರಲ್ಲಿ ಕೆಲವರಾದರೂ ನಾಲ್ಕೈದು ವರ್ಷಗಳೊಳಗೆ ಇಪ್ಪತ್ತು ಪುಟ್ಟ ಮಕ್ಕಳ ಮುಂದೆ ನಿಂತಿರುತ್ತೀರಿ. ಆಗ ನಿಮ್ಮ ಕೈಯಲ್ಲಿ ಒಂದು ಮೊಬೈಲ್ ಖಂಡಿತ ಇರುತ್ತದೆ. ಅದರಿಂದ ಏನು ಮಾಡುತ್ತೀರಿ ಎಂಬುದನ್ನು ಈಗಲೇ ಯೋಚಿಸುವುದು ಒಳ್ಳೆಯದು.

ನಾನು ದ್ವಿತೀಯ ಪಿಯುಸಿ ಕಲಾ ವಿಭಾಗದ ವಿದ್ಯಾರ್ಥಿನಿ. ಎನ್‌ಎಸ್‌ಎಸ್ ಕೆಲಸದ ನೆಪದಲ್ಲಿ ಕೆಲವು ಶನಿವಾರ ಒಂದು ಅಂಗನವಾಡಿಯಲ್ಲಿ ಕುಳಿತಿದ್ದೇನೆ. ನನ್ನ ತಮ್ಮ ಯುಕೆಜಿಯಲ್ಲಿದ್ದಾನೆ, ಅವನ ತರಗತಿಯ ವಾಟ್ಸ್ಆ್ಯಪ್ ಗುಂಪು ಉಮ್ಮನ ಮೊಬೈಲಿನಲ್ಲಿದೆ. ಈ ಎರಡೂ ಕಡೆ ಕಂಡದ್ದನ್ನು, ಓದಿ ತಿಳಿದದ್ದನ್ನು ಸೇರಿಸಿ ನೋಡಿದಾಗ ಪುಟ್ಟ ಮಕ್ಕಳ ತರಗತಿಯಲ್ಲಿ ಈ ಉಪಕರಣಗಳು ಮೂರು ಬಗೆಯ ಕೆಲಸ ಮಾಡುತ್ತವೆ ಎಂದು ನನಗೆ ಅನಿಸಿದೆ. ಒಂದು, ಮಕ್ಕಳಿಗೆ ತೋರಿಸುವುದು. ಎರಡು, ಮೇಲಿನವರಿಗೆ ಮತ್ತು ಮನೆಯವರಿಗೆ ವರದಿ ಮಾಡುವುದು. ಮೂರು, ಟೀಚರು ಮಗುವನ್ನು ಅರಿಯಲು ನೆರವಾಗುವುದು. ಮೊದಲ ಎರಡು ದಿನವಿಡೀ ನಡೆಯುತ್ತವೆ. ಮೂರನೆಯದು ಅಪರೂಪ. ನನ್ನ ವಾದ ಇಷ್ಟೇ: ಮೂರನೆಯದು ಮೊದಲ ಸ್ಥಾನಕ್ಕೆ ಬರಬೇಕು.

ತೋರಿಸುವ ಪರದೆ

ತರಗತಿಯ ಟಿ.ವಿ.ಯಲ್ಲಿ ಶಿಶುಗೀತೆಯ ವಿಡಿಯೊ ಹಾಕಿದರೆ ಮಕ್ಕಳು ಗಪ್‌ಚುಪ್. ಗದ್ದಲವಿಲ್ಲ, ಅಳುವಿಲ್ಲ. ನೋಡಿದವರಿಗೆ ಮಕ್ಕಳು ಕಲಿಯುತ್ತಿದ್ದಾರೆ ಅನಿಸುತ್ತದೆ. ಆದರೆ ಸುಮ್ಮನಿರುವುದು ಬೇರೆ, ಕಲಿಯುವುದು ಬೇರೆ.

ಇದನ್ನು ಚೆನ್ನಾಗಿ ತೋರಿಸಿಕೊಟ್ಟ ಒಂದು ಪ್ರಯೋಗವಿದೆ. ಅಮೆರಿಕದ ವಾಷಿಂಗ್ಟನ್ ವಿಶ್ವವಿದ್ಯಾಲಯದ ಪೆಟ್ರೀಷಿಯಾ ಕುಲ್ ಮತ್ತು ಸಂಗಡಿಗರು 2003ರಲ್ಲಿ ಇದನ್ನು ಪ್ರಕಟಿಸಿದರು. ಇಂಗ್ಲಿಷ್ ಮನೆಗಳ ಒಂಬತ್ತು ತಿಂಗಳ ಶಿಶುಗಳನ್ನು ಆರಿಸಿಕೊಂಡರು. ಒಂದು ಗುಂಪಿನ ಶಿಶುಗಳ ಜೊತೆ ಚೀನೀ ಭಾಷೆ ಮಾತಾಡುವವರು ನೇರವಾಗಿ ಕುಳಿತು 12 ಸಲ ಆಟವಾಡಿದರು, ಪುಸ್ತಕ ಓದಿದರು. ಇನ್ನೊಂದು ಗುಂಪಿಗೆ ಅದೇ ಜನ, ಅದೇ ಮಾತು, ಅದೇ ಆಟಿಕೆ, ಆದರೆ ಟಿ.ವಿ. ಪರದೆಯಲ್ಲಿ. ಕೊನೆಗೆ ಪರೀಕ್ಷಿಸಿದಾಗ ಮೊದಲ ಗುಂಪಿನ ಶಿಶುಗಳು ಚೀನೀ ಭಾಷೆಯ ಧ್ವನಿಗಳನ್ನು ಬೇರೆ ಬೇರೆಯಾಗಿ ಗುರುತಿಸಬಲ್ಲವಾಗಿದ್ದವು. ಪರದೆ ನೋಡಿದ ಗುಂಪು ಏನನ್ನೂ ಕಲಿತಿರಲಿಲ್ಲ.

ಹಾಗಾದರೆ ತಪ್ಪು ಪರದೆಯದೇ? ಪೂರ್ತಿ ಅಲ್ಲ. 2014ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನದಲ್ಲಿ ಎರಡರಿಂದ ಎರಡೂವರೆ ವರ್ಷದ ಮಕ್ಕಳಿಗೆ ಹೊಸ ಪದಗಳನ್ನು ಕಲಿಸಿದರು. ನೇರ ವಿಡಿಯೊ ಕರೆಯಲ್ಲಿ, ಅಂದರೆ ಆ ಕಡೆಯವರು ಮಗು ಹೇಳಿದ್ದನ್ನು ಕೇಳಿ, ಮಗು ನಕ್ಕಾಗ ನಕ್ಕು, ಉತ್ತರ ಕೊಡುತ್ತಾ ಮಾತಾಡಿದಾಗ ಮಕ್ಕಳು ಎದುರಿಗೇ ಕುಳಿತಷ್ಟೇ ಚೆನ್ನಾಗಿ ಕಲಿತರು. ಮೊದಲೇ ಚಿತ್ರಿಸಿಟ್ಟ ವಿಡಿಯೊದಲ್ಲಿ ಕಲಿಯಲಿಲ್ಲ. ಈ ಎರಡು ಅಧ್ಯಯನಗಳನ್ನು ಅಕ್ಕಪಕ್ಕ ಇಟ್ಟರೆ ಒಂದು ವಿಷಯ ಸ್ಪಷ್ಟವಾಗುತ್ತದೆ. ಮಗುವಿಗೆ ಬೇಕಾದುದು ಉತ್ತರ. ತಾನು ಬೆರಳು ತೋರಿಸಿದರೆ ಯಾರೋ ಅತ್ತ ನೋಡಬೇಕು, ತಾನು ಅರ್ಧ ಮಾತು ಆಡಿದರೆ ಯಾರೋ ಅದನ್ನು ಪೂರ್ತಿ ಮಾಡಬೇಕು. ಗೋಡೆಯ ಟಿ.ವಿ. ಎಷ್ಟೇ ದೊಡ್ಡದಿರಲಿ, ಎಷ್ಟೇ ಬಣ್ಣದ್ದಿರಲಿ, ಅದು ಮಗುವಿಗೆ ಉತ್ತರ ಕೊಡುವುದಿಲ್ಲ. ಟೀಚರು ಕೊಡುತ್ತಾರೆ.

ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಐದು ವರ್ಷದೊಳಗಿನ ಮಕ್ಕಳಿಗಾಗಿ ಮಾರ್ಗಸೂಚಿ ಹೊರಡಿಸಿತು. ಒಂದು ವರ್ಷದ ಮಗುವಿಗೆ ಪರದೆ ಬೇಡ, ಎರಡರಿಂದ ನಾಲ್ಕು ವರ್ಷದವರಿಗೆ ದಿನಕ್ಕೆ ಒಂದು ಗಂಟೆ ಮೀರಬಾರದು, ಇನ್ನೂ ಕಡಿಮೆಯಾದಷ್ಟೂ ಒಳ್ಳೆಯದು ಎಂದು ಅದು ಹೇಳುತ್ತದೆ. ನಮ್ಮ ದೇಶದ ಮಕ್ಕಳ ತಜ್ಞ ವೈದ್ಯರ ಸಂಘವೂ ಹೆಚ್ಚುಕಡಿಮೆ ಇದನ್ನೇ ಹೇಳಿದೆ. ಈಗ ಲೆಕ್ಕ ಹಾಕೋಣ. ಮಗು ಬೆಳಿಗ್ಗೆ ತಿಂಡಿ ತಿನ್ನುವಾಗ ಮನೆಯಲ್ಲಿ ಮೊಬೈಲ್ ನೋಡಿರುತ್ತದೆ, ರಾತ್ರಿ ಊಟಕ್ಕೂ ನೋಡುತ್ತದೆ. ಒಂದು ಗಂಟೆ ಮನೆಯಲ್ಲೇ ಮುಗಿದಿದೆ. ಶಾಲೆಯ ಪಾಲಿಗೆ ಉಳಿದದ್ದೆಷ್ಟು? ಮನೆಯಲ್ಲಿ ಪರದೆ ಬಿಡಿಸಲು ಆಗದ ಮಗುವಿಗೆ ಪರದೆಯಿಲ್ಲದ ನಾಲ್ಕು ಗಂಟೆ ಕೊಡಬಲ್ಲ ಜಾಗವೆಂದರೆ ಅಂಗನವಾಡಿ ಮತ್ತು ಎಲ್‌ಕೆಜಿ. ಅಲ್ಲೂ ಅದನ್ನೇ ಹಾಕಿದರೆ ಮಗು ಎಲ್ಲಿಗೆ ಹೋಗಬೇಕು?

ಕೈಯಿಂದ ಕಲಿಯುವ ವಯಸ್ಸು ಅದು. ಮಾರಿಯಾ ಮಾಂಟೆಸ್ಸೊರಿಯವರ ಹೆಸರನ್ನು ಊರೂರಿನ ಬೋರ್ಡಿನಲ್ಲಿ ನೋಡುತ್ತೇವೆ. 1939ರಲ್ಲಿ ಭಾರತಕ್ಕೆ ಬಂದು ಮದರಾಸಿನ ಅಡ್ಯಾರಿನಲ್ಲಿ ಶಿಕ್ಷಕರಿಗೆ ತರಬೇತಿ ಕೊಟ್ಟ ಅವರು ಮಕ್ಕಳಿಗಾಗಿ ಮಾಡಿಸಿದ ಸಾಮಾನುಗಳಲ್ಲಿ ಮರದ ಸಿಲಿಂಡರುಗಳ ಒಂದು ಹಲಗೆಯಿದೆ. ಬೇರೆ ಬೇರೆ ಗಾತ್ರದ ತುಂಡುಗಳು, ಅವಕ್ಕೆ ತಕ್ಕ ಗುಳಿಗಳು. ದೊಡ್ಡ ತುಂಡನ್ನು ಚಿಕ್ಕ ಗುಳಿಯಲ್ಲಿ ಇಡಲು ಹೋದರೆ ಹೋಗುವುದಿಲ್ಲ. ಚಿಕ್ಕದನ್ನು ದೊಡ್ಡದರಲ್ಲಿ ಇಟ್ಟರೆ ಕೊನೆಗೆ ಒಂದು ತುಂಡು ಉಳಿದುಬಿಡುತ್ತದೆ. 'ತಪ್ಪು' ಎಂದು ಯಾರೂ ಹೇಳಬೇಕಿಲ್ಲ, ಮಗುವಿನ ಕೈಗೇ ಗೊತ್ತಾಗುತ್ತದೆ. ಟ್ಯಾಬಿನ ಆಟದಲ್ಲಿ ಎಲ್ಲ ಆಕಾರವೂ ಒಂದೇ ಗಾಜು. ದೊಡ್ಡದೂ ನುಣುಪು, ಚಿಕ್ಕದೂ ನುಣುಪು, ಭಾರ ಯಾವುದಕ್ಕೂ ಇಲ್ಲ. ಸರಿಯಾದರೆ ಚಪ್ಪಾಳೆ ಸದ್ದು, ತಪ್ಪಾದರೆ ಬೇರೆ ಸದ್ದು. ಮಗು ಯೋಚಿಸುವ ಬದಲು ಸದ್ದು ಬರುವವರೆಗೆ ಒತ್ತುತ್ತಾ ಹೋಗುವುದನ್ನು ನನ್ನ ತಮ್ಮನಲ್ಲೇ ಕಂಡಿದ್ದೇನೆ.

ಹಾಗೆಂದು ತೋರಿಸುವುದೇ ಬೇಡ ಎನ್ನುವುದಿಲ್ಲ. ಬಯಲುಸೀಮೆಯ ಮಗುವಿಗೆ ಸಮುದ್ರದ ಅಲೆ ಹೇಗಿರುತ್ತದೆಂದು ತೋರಿಸಲು ಎರಡು ನಿಮಿಷದ ವಿಡಿಯೊಗಿಂತ ಒಳ್ಳೆಯ ದಾರಿಯಿಲ್ಲ. ಆದರೆ ಆ ಎರಡು ನಿಮಿಷದಲ್ಲಿ ಟೀಚರು ಪಕ್ಕದಲ್ಲೇ ಇರಬೇಕು. ಅಲ್ಲಲ್ಲಿ ನಿಲ್ಲಿಸಿ, "ನೀರು ಎಲ್ಲಿಗೆ ಹೋಯಿತು? ಮತ್ತೆ ಬರುತ್ತದಾ?" ಎಂದು ಕೇಳಬೇಕು. ಆಮೇಲೆ ಪರದೆ ಆರಿಸಿ, ಮಕ್ಕಳೆಲ್ಲ ಕೈ ಹಿಡಿದು ಅಲೆಯ ಹಾಗೆ ಓಡಿ ಬರಬೇಕು. ಹಾಗೆ ಮಾಡಿದರೆ ವಿಡಿಯೊ ಪಾಠದ ಒಂದು ಚೂರು. ಟೀಚರು ಮೂಲೆಯಲ್ಲಿ ಕುಳಿತು ದಾಖಲೆ ತುಂಬಲು ವಿಡಿಯೊ ಹಾಕಿದರೆ ಅದು ಮಕ್ಕಳನ್ನು ಕಾಯುವ ಆಯಾ ಅಷ್ಟೇ.

ಕೊರೊನಾ ಕಲಿಸಿದ್ದು

ಈ ಚರ್ಚೆ ನಮ್ಮ ರಾಜ್ಯಕ್ಕೆ ಹೊಸತಲ್ಲ. 2020ರ ಜೂನ್ ತಿಂಗಳಲ್ಲಿ ರಾಜ್ಯ ಸರ್ಕಾರ ಎಲ್‌ಕೆಜಿಯಿಂದ ಐದನೇ ತರಗತಿವರೆಗೆ ಆನ್‌ಲೈನ್ ತರಗತಿ ನಡೆಸಬಾರದೆಂದು ಹೇಳಿತು. ಬಳಿಕ ಅದನ್ನು ಏಳನೇ ತರಗತಿವರೆಗೂ ವಿಸ್ತರಿಸುವ ಮಾತು ಬಂತು. ಕೆಲವು ಪೋಷಕರು ಮತ್ತು ಶಾಲೆಗಳು ಹೈಕೋರ್ಟಿಗೆ ಹೋದರು. ಜುಲೈ ತಿಂಗಳಲ್ಲಿ ಹೈಕೋರ್ಟ್ ಸರ್ಕಾರದ ಆದೇಶಕ್ಕೆ ತಡೆ ನೀಡಿತು. ಶಿಕ್ಷಣ ಮಕ್ಕಳ ಮೂಲಭೂತ ಹಕ್ಕು, ಹೀಗೆ ಪೂರ್ತಿ ನಿಷೇಧಿಸುವಂತಿಲ್ಲ ಎಂಬುದು ಅದರ ಹಿಂದಿನ ವಿಚಾರ. ಅದೇ ತಿಂಗಳು ಕೇಂದ್ರ ಸರ್ಕಾರದ 'ಪ್ರಜ್ಞಾತ' ಮಾರ್ಗಸೂಚಿ ಬಂತು. ಅದರಲ್ಲಿ ಪೂರ್ವ ಪ್ರಾಥಮಿಕ ಹಂತಕ್ಕೆ ದಿನಕ್ಕೆ 30 ನಿಮಿಷಕ್ಕಿಂತ ಹೆಚ್ಚು ಬೇಡ, ಅದೂ ಪೋಷಕರ ಜೊತೆ ಮಾತಾಡಿ ಅವರಿಗೆ ದಾರಿ ತೋರಿಸುವುದಕ್ಕಾಗಿ ಎಂದಿತ್ತು.

ಆ ಮಾರ್ಗಸೂಚಿಯ ಒಂದು ಸಾಲಿನಲ್ಲಿ ದೊಡ್ಡ ತಿಳಿವಳಿಕೆಯಿದೆ ಎಂದು ನಾನು ಭಾವಿಸುತ್ತೇನೆ. ನಾಲ್ಕು ವರ್ಷದ ಮಗುವಿನ ಟೀಚರು ಪರದೆಯ ಮೂಲಕ ಮಾತಾಡಬೇಕಾದದ್ದು ಮಗುವಿನ ಜೊತೆಗಲ್ಲ, ಮಗುವಿನ ತಾಯಿ ತಂದೆಯ ಜೊತೆ. "ಇವತ್ತು ಹುರುಳಿ, ಹೆಸರು ಬೆರೆಸಿ ಕೊಡಿ, ಬೇರೆ ಮಾಡಲಿ. ಬಟ್ಟೆ ಮಡಚುವಾಗ ಎಣಿಸಲಿ" ಎಂದು ಟೀಚರು ಒಂದು ಧ್ವನಿ ಸಂದೇಶ ಕಳಿಸಿದರೆ ಪಾಠ ಅಡುಗೆಮನೆಯಲ್ಲಿ ನಡೆಯುತ್ತದೆ. ನಮ್ಮಲ್ಲಿ ಆಗ ಹೆಚ್ಚಾಗಿ ಆದದ್ದು ಬೇರೆ. ಪುಟ್ಟ ಮಕ್ಕಳನ್ನು ಮೊಬೈಲ್ ಮುಂದೆ ಕೂರಿಸಿ, ಹಿಂದಿನಿಂದ ಅಮ್ಮಂದಿರು ಉತ್ತರ ಪಿಸುಗುಟ್ಟಿದರು. ಮೊಬೈಲೇ ಇಲ್ಲದ ಮನೆಯ ಮಕ್ಕಳಿಗೆ ಅದೂ ಇರಲಿಲ್ಲ. ಅಂಗನವಾಡಿ ಮತ್ತು ಎಲ್‌ಕೆಜಿ, ಯುಕೆಜಿಗಳು ಮತ್ತೆ ತೆರೆದದ್ದು 2021ರ ನವೆಂಬರಿನಲ್ಲಿ. ಆ ಹೊತ್ತಿಗೆ ಮೂರು ವರ್ಷದ ಮಗು ನಾಲ್ಕೂವರೆ ದಾಟಿತ್ತು.

ವರದಿಯ ಪರದೆ

ಈಗ ಎರಡನೆಯ ಬಳಕೆಗೆ ಬರೋಣ. ನನ್ನ ಪ್ರಕಾರ ಹೆಚ್ಚು ಹಾನಿಯಾಗುತ್ತಿರುವುದು ಇಲ್ಲಿ. ಆದರೆ ಹೆಚ್ಚು ಜನರ ಗಮನಕ್ಕೆ ಬರದೇ ಇರುವುದೂ ಇದೇ.

ಅಂಗನವಾಡಿ ವ್ಯವಸ್ಥೆ ಶುರುವಾದದ್ದು 1975ರ ಅಕ್ಟೋಬರ್ 2ರಂದು. ನಮ್ಮ ರಾಜ್ಯದಲ್ಲಿ ಮೊದಲು ಆರಂಭವಾದದ್ದು ಮೈಸೂರು ಜಿಲ್ಲೆಯ ತಿ. ನರಸೀಪುರದಲ್ಲಿ, 100 ಕೇಂದ್ರಗಳೊಂದಿಗೆ. ಈಗ ರಾಜ್ಯದಲ್ಲಿ ಸುಮಾರು 70 ಸಾವಿರ ಅಂಗನವಾಡಿಗಳಿವೆ. ಅಲ್ಲಿನ ಟೀಚರ ಕೆಲಸ ಪಾಠವೊಂದೇ ಅಲ್ಲ. ಪೂರಕ ಆಹಾರ, ಚುಚ್ಚುಮದ್ದಿಗೆ ಮಕ್ಕಳನ್ನು ಸೇರಿಸುವುದು, ಗರ್ಭಿಣಿ ಬಾಣಂತಿಯರ ಆರೋಗ್ಯ, 2013ರಿಂದ ಕ್ಷೀರಭಾಗ್ಯದ ಹಾಲು, 2017ರಿಂದ ಮಾತೃಪೂರ್ಣದ ಊಟ, ಇದರ ಮೇಲೆ ಸಮೀಕ್ಷೆ, ಮತದಾರರ ಪಟ್ಟಿ. ಇಷ್ಟೆಲ್ಲಕ್ಕೂ ಕೊಡುವುದನ್ನು ಸಂಬಳ ಎನ್ನುವುದಿಲ್ಲ, ಗೌರವಧನ ಎನ್ನುತ್ತಾರೆ. ಅವರಿಗೂ ಗ್ರಾಚ್ಯುಟಿ ಪಡೆಯುವ ಹಕ್ಕಿದೆ ಎಂದು ಸುಪ್ರೀಂ ಕೋರ್ಟ್ ಹೇಳಬೇಕಾಗಿ ಬಂದದ್ದು 2022ರಲ್ಲಿ.

ಈ ಕೆಲಸಗಳ ಲೆಕ್ಕವೆಲ್ಲ ಮೊದಲು ದಪ್ಪ ದಪ್ಪ ರಿಜಿಸ್ಟರುಗಳಲ್ಲಿತ್ತು. 2021ರ ಮಾರ್ಚಿನಲ್ಲಿ ಕೇಂದ್ರದ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಸಚಿವಾಲಯ 'ಪೋಷಣ್ ಟ್ರ್ಯಾಕರ್' ಎಂಬ ಆ್ಯಪ್ ತಂದಿತು. ಕೇಂದ್ರ ತೆರೆದದ್ದು, ಮಕ್ಕಳ ಹಾಜರಾತಿ, ಊಟ ಕೊಟ್ಟದ್ದು, ತೂಕ, ಎತ್ತರ, ಮನೆಭೇಟಿ, ಎಲ್ಲವನ್ನೂ ಅದರಲ್ಲಿ ನಮೂದಿಸಬೇಕು. ಇದರ ಒಳ್ಳೆಯದನ್ನು ಮೊದಲು ಹೇಳಬೇಕು. ಮಗುವಿನ ತೂಕ, ಎತ್ತರ ಹಾಕಿದ ಕೂಡಲೇ ಅದರ ವಯಸ್ಸಿಗೆ ಬೆಳವಣಿಗೆ ಸರಿಯಾಗಿದೆಯೋ ಇಲ್ಲವೋ ಎಂದು ಆ್ಯಪ್ ತೋರಿಸುತ್ತದೆ. ಹಿಂದೆ ಇದನ್ನು ನಕ್ಷೆಯ ಮೇಲೆ ಚುಕ್ಕಿ ಇಟ್ಟು ಕೈಯಾರೆ ನೋಡಬೇಕಿತ್ತು. ಕೂಲಿಗಾಗಿ ಊರು ಬಿಟ್ಟು ಹೋಗುವ ಕುಟುಂಬದ ಮಗುವಿನ ದಾಖಲೆ ಬೇರೆ ಊರಿನ ಕೇಂದ್ರದಲ್ಲೂ ಸಿಗಲು ಸಾಧ್ಯವಾಗಿದೆ. ಇವು ಸಣ್ಣ ಉಪಕಾರಗಳಲ್ಲ.

ಆದರೆ 2025ರ ಜುಲೈ 1ರಿಂದ ಮನೆಗೆ ಕೊಂಡೊಯ್ಯುವ ಆಹಾರ ಪೊಟ್ಟಣ ಕೊಡಲು ಫಲಾನುಭವಿಯ ಮುಖವನ್ನು ಮೊಬೈಲಿನಲ್ಲಿ ಗುರುತು ಹಿಡಿಸುವುದು ಕಡ್ಡಾಯವಾಯಿತು. ಆಧಾರ್ ಜೋಡಣೆ, ಒಟಿಪಿ, ಮುಖದ ಚಿತ್ರ. ನೆಟ್‌ವರ್ಕ್ ಸಿಗದ ಊರುಗಳ, ನಿಧಾನವಾದ ಮೊಬೈಲುಗಳ, ಬದಲಾದ ಫೋನ್ ನಂಬರುಗಳ ತೊಂದರೆಯನ್ನು ಹಲವು ರಾಜ್ಯಗಳ ಕಾರ್ಯಕರ್ತೆಯರ ಸಂಘಟನೆಗಳು ಬೀದಿಗಿಳಿದು ಹೇಳಿವೆ. ನಾನು ಬೇರೊಂದು ಕಡೆಯಿಂದ ನೋಡುತ್ತೇನೆ. ಒಬ್ಬರಿಗೆ ಮೂರು ನಿಮಿಷ ಹಿಡಿಯಿತು ಅಂದುಕೊಳ್ಳಿ. ಮೂವತ್ತು ಮಂದಿಗೆ ಒಂದೂವರೆ ಗಂಟೆ. ಆ ಒಂದೂವರೆ ಗಂಟೆ ಹೊಳೆಯಲ್ಲಿ ಹೋದದ್ದಲ್ಲ, ಮಕ್ಕಳ ಕಥೆಯಿಂದ, ಹಾಡಿನಿಂದ, ಜಗಳ ಬಿಡಿಸುವುದರಿಂದ, ಪೆನ್ಸಿಲ್ ಹಿಡಿಯಲು ಕಲಿಸುವುದರಿಂದ ಕಡಿದದ್ದು. ಸಹಾಯಕಿ ಅಡುಗೆ ನೋಡಬೇಕು. ಟೀಚರು ಪರದೆ ನೋಡಬೇಕು. ಮಕ್ಕಳನ್ನು ನೋಡುವವರು ಯಾರು?

ಆ್ಯಪಿನಲ್ಲಿ 'ಶಾಲಾಪೂರ್ವ ಶಿಕ್ಷಣ ನೀಡಲಾಗಿದೆ' ಎಂದು ಒತ್ತುವುದು ಸುಲಭ. ಆ ದಿನ ಮೂಲೆಯಲ್ಲಿ ಕುಳಿತ ಹುಡುಗಿ ಮೊದಲ ಬಾರಿ ಬಾಯಿಬಿಟ್ಟು ಮಾತಾಡಿದಳು ಎಂದು ಬರೆಯಲು ಅದರಲ್ಲಿ ಜಾಗವಿಲ್ಲ. ಎಣಿಸಲು ಬರುವುದನ್ನೇ ಎಣಿಸುತ್ತಾ ಹೋದರೆ ಎಣಿಕೆಗೆ ಸಿಗದ್ದು ಕೆಲಸವೇ ಅಲ್ಲವೆಂಬಂತಾಗುತ್ತದೆ. ನನಗೆ ಕಾಣುವ ದೊಡ್ಡ ಅಪಾಯ ಇದು.

ಖಾಸಗಿ ಎಲ್‌ಕೆಜಿಗಳಲ್ಲಿ ವರದಿ ಹೋಗುವುದು ಇಲಾಖೆಗಲ್ಲ, ಪೋಷಕರಿಗೆ. ನನ್ನ ತಮ್ಮನ ತರಗತಿಯ ಗುಂಪಿನಲ್ಲಿ ಒಂದು ದಿನ ಎಣಿಸಿದೆ. ಮಧ್ಯಾಹ್ನದೊಳಗೆ 43 ಫೋಟೊ. ಹಣ್ಣಿನ ದಿನ, ಹಳದಿ ಬಣ್ಣದ ದಿನ, ಅಜ್ಜ ಅಜ್ಜಿಯರ ದಿನ. ಪ್ರತಿ ಫೋಟೊದಲ್ಲೂ ಮಕ್ಕಳು ಮೊಬೈಲ್ ಕಡೆ ನೋಡಿ ನಗುತ್ತಿದ್ದಾರೆ. ಅಂದರೆ 43 ಸಲ ಟೀಚರು ಪಾಠ ನಿಲ್ಲಿಸಿ, "ಇಲ್ಲಿ ನೋಡಿ" ಎಂದಿದ್ದಾರೆ. ಅವರನ್ನು ದೂರಿ ಪ್ರಯೋಜನವಿಲ್ಲ. ಫೋಟೊ ಬರದಿದ್ದರೆ "ನಮ್ಮ ಮಗು ಕಾಣಿಸಲಿಲ್ಲವಲ್ಲ ಟೀಚರ್?" ಎಂದು ಕೇಳುವವರು ನಮ್ಮ ಮನೆಯವರೇ. ಮಾವಿನ ಹಣ್ಣನ್ನು ಮೂಸಿ, ಮುಟ್ಟಿ, ಕೊಯ್ದು ತಿನ್ನಬೇಕಾದ ಹೊತ್ತು ಅದನ್ನು ಹಿಡಿದು ನಿಲ್ಲುವುದರಲ್ಲಿ ಮುಗಿಯುತ್ತದೆ.

ಇನ್ನೊಂದು ವಿಷಯವಿದೆ. ಆ ಫೋಟೊಗಳು ನಲವತ್ತು ಮನೆಗಳ ಮೊಬೈಲಿಗೆ ಹೋಗುತ್ತವೆ, ಅಲ್ಲಿಂದ ಸ್ಟೇಟಸ್ಸಿಗೆ, ಕೆಲವು ಶಾಲೆಗಳಲ್ಲಿ ಜಾಹೀರಾತಿಗೆ. ಯಾರ ಒಪ್ಪಿಗೆಯ ಮೇಲೆ? 2023ರಲ್ಲಿ ಸಂಸತ್ತು ಅಂಗೀಕರಿಸಿದ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ 18 ವರ್ಷದೊಳಗಿನವರ ಮಾಹಿತಿ ಬಳಸಲು ಪೋಷಕರ ಒಪ್ಪಿಗೆಯನ್ನು ಮುಖ್ಯವಾಗಿ ಕಾಣುತ್ತದೆ. ಕಾನೂನು ಹಾಗಿರಲಿ, ನಮ್ಮ ಮನೆಗಳಲ್ಲಿ ಒಂದು ಮಾತಿದೆ, ಅಮಾನತ್. ನಂಬಿ ಒಪ್ಪಿಸಿದ್ದನ್ನು ಹಾಗೆಯೇ ಕಾಪಾಡಿ ಹಿಂತಿರುಗಿಸಬೇಕು. ಬೆಳಿಗ್ಗೆ ಮಗುವಿನ ಕೈಯನ್ನು ಟೀಚರ ಕೈಗೆ ಕೊಡುವಾಗ ತಾಯಿ ಕೊಡುವುದು ಅಮಾನತ್. ಮಗುವಿನ ಮುಖವೂ ಅದರಲ್ಲಿ ಸೇರಿದೆ.

ಕೇಳಿಸಿಕೊಳ್ಳುವ ಉಪಕರಣ

ಹಾಗಾದರೆ ಒಳ್ಳೆಯ ಬಳಕೆ ಹೇಗಿರುತ್ತದೆ? ನಾನು ಹೋಗುತ್ತಿದ್ದ ಅಂಗನವಾಡಿಯಲ್ಲೇ ಒಂದು ಉದಾಹರಣೆ ಸಿಕ್ಕಿತು. ಕಟ್ಟಡ ಕೆಲಸಕ್ಕೆ ಬಂದ ಕುಟುಂಬದ ನಾಲ್ಕು ವರ್ಷದ ಹುಡುಗನೊಬ್ಬ ಅಲ್ಲಿ ಹೊಸದಾಗಿ ಸೇರಿದ್ದ. ಮನೆಮಾತು ಲಂಬಾಣಿ. ಅಲ್ಲಿನ ಮಕ್ಕಳೆಲ್ಲ ತುಳು, ಬ್ಯಾರಿ, ಕನ್ನಡದವರು. ಅವನು ಯಾರೊಡನೆಯೂ ಮಾತಾಡುತ್ತಿರಲಿಲ್ಲ, ಚಡ್ಡಿ ಒದ್ದೆಯಾದಾಗ ಮಾತ್ರ ಅಳುತ್ತಿದ್ದ. ಟೀಚರು ಅವನ ತಾಯಿಗೆ ಹೇಳಿ ಕೆಲವು ಮಾತುಗಳನ್ನು ಧ್ವನಿ ಸಂದೇಶವಾಗಿ ತರಿಸಿಕೊಂಡರು: ನೀರು ಬೇಕಾ, ಹಸಿವಾ, ಹೊಟ್ಟೆನೋವಾ, ಮೂತ್ರ ಬಂತಾ, ಅಮ್ಮ ಸಂಜೆ ಬರುತ್ತಾಳೆ. ಮಧ್ಯಾಹ್ನ ಮಕ್ಕಳು ಮಲಗಿದಾಗ ಆ ಸಂದೇಶವನ್ನು ಮತ್ತೆ ಮತ್ತೆ ಹಾಕಿಕೊಂಡು, ತುಟಿ ಅಲ್ಲಾಡಿಸುತ್ತಾ ಬಾಯಿಪಾಠ ಮಾಡಿದರು. ಮರುವಾರ ಅವರು ಅವನ ಭಾಷೆಯಲ್ಲಿ 'ಅಮ್ಮ ಸಂಜೆ ಬರುತ್ತಾಳೆ' ಎಂದಾಗ ಆ ಹುಡುಗ ಅವರ ಮುಖವನ್ನೇ ನೋಡುತ್ತಾ ನಿಂತ. ಅಲ್ಲಿಂದ ಅವನು ಅವರ ಸೆರಗು ಬಿಡಲಿಲ್ಲ.

ಗಮನಿಸಿ, ಇಲ್ಲಿ ಮಗು ಪರದೆಯನ್ನು ನೋಡಲೇ ಇಲ್ಲ. ಮೊಬೈಲಿನಿಂದ ಕಲಿತವರು ಟೀಚರು. ಮಗುವಿಗೆ ಸಿಕ್ಕಿದ್ದು ಟೀಚರು. ಖರ್ಚು ಸೊನ್ನೆ, ತರಬೇತಿ ಬೇಕಿಲ್ಲ, ಸ್ಮಾರ್ಟ್ ಬೋರ್ಡ್ ಬೇಕಿಲ್ಲ. 2020ರ ರಾಷ್ಟ್ರೀಯ ಶಿಕ್ಷಣ ನೀತಿಯೂ, ಮೂರರಿಂದ ಎಂಟು ವರ್ಷದ ಬುನಾದಿ ಹಂತಕ್ಕಾಗಿ 2022ರಲ್ಲಿ ಬಂದ ಪಠ್ಯಕ್ರಮ ಚೌಕಟ್ಟೂ ಮನೆಮಾತಿನಿಂದಲೇ ಕಲಿಕೆ ಶುರುವಾಗಲಿ ಎನ್ನುತ್ತವೆ. ಆದರೆ ಬೆಕ್ಕು ತುಳು ಮನೆಯ ಮಗುವಿಗೆ ಪುಚ್ಚೆ, ಉರ್ದು ಮನೆಯ ಮಗುವಿಗೆ ಬಿಲ್ಲಿ. ಒಂದೇ ಕೋಣೆಯಲ್ಲಿ ನಾಲ್ಕು ಮನೆಮಾತು ಇರುವಾಗ ಒಬ್ಬರೇ ಟೀಚರು ಏನು ಮಾಡಬೇಕು? ಮೊಬೈಲು ನಿಜಕ್ಕೂ ಬೇಕಾಗುವ ಜಾಗ ಇದು.

ಇಂಥ ಇನ್ನೂ ಕೆಲವು ಬಳಕೆಗಳನ್ನು ಯೋಚಿಸಬಹುದು. ತಿಂಗಳಿಗೊಮ್ಮೆ ಮನೆಯವರ ಒಪ್ಪಿಗೆ ಪಡೆದು ಮಗುವಿನ ಒಂದು ನಿಮಿಷದ ಮಾತನ್ನು ಧ್ವನಿಮುದ್ರಿಸಿಕೊಂಡರೆ, ಜೂನ್ ತಿಂಗಳಲ್ಲಿ ಎರಡು ಪದ ಜೋಡಿಸುತ್ತಿದ್ದ ಮಗು ಮಾರ್ಚಿನಲ್ಲಿ ಕಥೆ ಹೇಳುವುದನ್ನು ಟೀಚರೂ ತಾಯಿಯೂ ಜೊತೆಗೆ ಕುಳಿತು ಕೇಳಬಹುದು. ವರ್ಷ ಮುಗಿದ ಮೇಲೆ ಅಳಿಸಿಬಿಡಬಹುದು. ಮಾತು ಬೆಳೆಯದೆ ನಿಂತಿದ್ದರೆ ಕಿವಿಯ ಪರೀಕ್ಷೆಗೆ ಕಳಿಸಲು ಅದೇ ಆಧಾರ. ಮಗು ಕಟ್ಟಿದ ಮಣ್ಣಿನ ಮನೆಯ ಫೋಟೊ ತೆಗೆದು ಮರುದಿನ ಅದಕ್ಕೇ ತೋರಿಸಿ, "ಇದು ಯಾವ ಬಾಗಿಲು?" ಎಂದು ಕೇಳಬಹುದು. ಒಂದು ಫೋಟೊ, ಒಂದು ಮಾತುಕತೆ. ನಲವತ್ತಮೂರು ಬೇಕಿಲ್ಲ. ಹೊಸ ಹಾಡು, ಕಾಗದದ ಹೊಸ ಆಟ ಕಲಿಯಲು ಟೀಚರು ಸಂಜೆ ವಿಡಿಯೊ ನೋಡಲಿ, ಬೆಳಿಗ್ಗೆ ತಮ್ಮ ದನಿಯಲ್ಲೇ ಹಾಡಲಿ. ಅವರ ಶ್ರುತಿ ತಪ್ಪಿದರೂ ಮಕ್ಕಳಿಗೆ ಅಡ್ಡಿಯಿಲ್ಲ.

ಬಡವರ ಮಕ್ಕಳು ಹಿಂದುಳಿಯುವುದಿಲ್ಲವೇ?

ಈ ವಾದಕ್ಕೆ ಬರುವ ದೊಡ್ಡ ಆಕ್ಷೇಪ ನನಗೆ ಗೊತ್ತು. ಶ್ರೀಮಂತರ ಮಕ್ಕಳು ಟ್ಯಾಬ್ ಹಿಡಿದು ಬೆಳೆಯುತ್ತಾರೆ, ನಾಳೆ ಎಲ್ಲ ಕೆಲಸವೂ ಕಂಪ್ಯೂಟರಿನಲ್ಲೇ, ಅಂಗನವಾಡಿಯ ಮಕ್ಕಳಿಗೆ ಮಾತ್ರ ಮರದ ಆಟಿಕೆ ಕೊಡಿ ಎನ್ನುವುದು ಅನ್ಯಾಯವಲ್ಲವೇ ಎಂಬುದು. ನಮ್ಮ ಸಮುದಾಯದಲ್ಲಿ ಈ ಆತಂಕ ಹೆಚ್ಚು. ಶಿಕ್ಷಣದಲ್ಲಿ ಹಿಂದೆ ಬಿದ್ದ ನೋವು ನಮಗಿದೆ. ಅದಕ್ಕೇ 'ಸ್ಮಾರ್ಟ್ ಕ್ಲಾಸ್' ಎಂಬ ಬೋರ್ಡು ಕಂಡರೆ ಸಾಲ ಮಾಡಿಯಾದರೂ ಶುಲ್ಕ ಕಟ್ಟುತ್ತೇವೆ.

ಆದರೆ ಯೋಚಿಸಿ. ಪರದೆ ಒತ್ತುವುದನ್ನು ಯಾವ ಮಗುವೂ ಶಾಲೆಯಲ್ಲಿ ಕಲಿಯಬೇಕಿಲ್ಲ. ನನ್ನ ತಮ್ಮ ಉಮ್ಮನ ಮೊಬೈಲಿನ ಲಾಕ್ ತೆರೆಯುವುದನ್ನು ಅಕ್ಷರ ಕಲಿಯುವ ಮೊದಲೇ ಕಲಿತ. ಬಡವರ ಮನೆಯಲ್ಲಿ ಇಲ್ಲದೇ ಇರುವುದು ಬೇರೆ. ಪುಸ್ತಕ ಇಲ್ಲ, ದಣಿದು ಬಂದ ತಾಯಿಗೆ ಕಥೆ ಹೇಳಲು ಸಮಯವಿಲ್ಲ, ಆಡಲು ಜಾಗವಿಲ್ಲ, ಮಗುವಿನ ಸಾಲುಸಾಲು ಪ್ರಶ್ನೆಗಳಿಗೆ ಉತ್ತರಿಸುವ ಪುರುಸೊತ್ತು ಯಾರಿಗೂ ಇಲ್ಲ. ಅಂಗನವಾಡಿ ಕೊಡಬೇಕಾದದ್ದು ಇವನ್ನು. ಕೇಂದ್ರ ಸರ್ಕಾರವೇ 2023ರಲ್ಲಿ ಈ ವಯಸ್ಸಿನವರಿಗೆಂದು ಹೊರತಂದ 'ಜಾದೂಯಿ ಪಿಟಾರಾ' ಎಂಬ ಪೆಟ್ಟಿಗೆಯಲ್ಲಿ ಏನಿದೆ? ಆಟಿಕೆ, ಬೊಂಬೆ, ಒಗಟು, ಚಿತ್ರಪಟ, ಕಥೆಪುಸ್ತಕ. ನಮ್ಮ ರಾಜ್ಯದ ಅಂಗನವಾಡಿಗಳ 'ಚಿಲಿಪಿಲಿ' ಪಠ್ಯಕ್ರಮವೂ ಹಾಡು, ಆಟ, ಚಟುವಟಿಕೆಯ ಸುತ್ತಲೇ ಇದೆ. ಹಿಂದುಳಿಯದಿರಲು ದಾರಿ ಅದು. ಉಳ್ಳವರ ಮಗುವಿಗೆ ಮನುಷ್ಯರು, ಇಲ್ಲದವರ ಮಗುವಿಗೆ ಪರದೆ ಎಂದಾದರೆ ಅದೇ ನಿಜವಾದ ಅನ್ಯಾಯ.

ನಾವು ಮಾಡಬಹುದಾದದ್ದು

ಮೇಲಿನವರಿಗೆ ನಾನು ಹೇಳುವುದು ಮೂರೇ ಮಾತು. ಇಲಾಖೆಗೆ: ದಾಖಲೆ ತುಂಬುವ ಕೆಲಸ ಮಕ್ಕಳು ಕೇಂದ್ರದಲ್ಲಿರುವ ಹೊತ್ತಿನಲ್ಲಿ ಬೇಡ, ಅದಕ್ಕೆ ಬೇರೆ ಸಮಯ ಕೊಡಿ, ಆ ಸಮಯಕ್ಕೆ ಹಣವನ್ನೂ ಕೊಡಿ. ಆ್ಯಪಿನಲ್ಲಿ ಒಮ್ಮೆ ತುಂಬಿದ್ದನ್ನು ಮತ್ತೆ ರಿಜಿಸ್ಟರಿನಲ್ಲಿ ಬರೆಯಲು ಹೇಳಬೇಡಿ. ಶಾಲಾ ಆಡಳಿತ ಮಂಡಳಿಗಳಿಗೆ: ಎಲ್‌ಕೆಜಿಗೆ ಇನ್ನೊಂದು ಟಿ.ವಿ. ಕೊಳ್ಳುವ ಮೊದಲು ಇನ್ನೊಬ್ಬರು ಟೀಚರನ್ನು ನೇಮಿಸಲು ಆಗುತ್ತದೆಯೇ ನೋಡಿ. ಪೋಷಕರಿಗೆ: ವಾರಕ್ಕೊಂದು ಫೋಟೊ ಸಾಕು ಎಂದು ನೀವೇ ಮುಂದಾಗಿ ಹೇಳಿ. ಟೀಚರು ನಿಟ್ಟುಸಿರು ಬಿಡುತ್ತಾರೆ.

ಉಳಿದದ್ದು ನಮಗೆ. ನಮ್ಮ ಎನ್‌ಎಸ್‌ಎಸ್ ಘಟಕ ಪ್ರತಿ ವರ್ಷ ರಸ್ತೆ ಬದಿ ಸ್ವಚ್ಛ ಮಾಡುತ್ತದೆ, ಗಿಡ ನೆಡುತ್ತದೆ. ಈ ವರ್ಷ ಇದನ್ನೂ ಸೇರಿಸೋಣ. ನಮ್ಮಲ್ಲಿ ಬ್ಯಾರಿ, ಉರ್ದು, ತುಳು, ಮಲಯಾಳಂ, ಕೊಂಕಣಿ ಮಾತಾಡುವವರಿದ್ದೇವೆ. ಪ್ರತಿಯೊಬ್ಬರ ಮನೆಯಲ್ಲೂ ಕಥೆ ಗೊತ್ತಿರುವ ಒಬ್ಬ ಅಜ್ಜಿ ಇದ್ದಾರೆ. ಮೂರು ನಿಮಿಷದ ಒಂದು ಕಥೆ, ಒಂದು ಜೋಗುಳ, ದಿನಬಳಕೆಯ ಇಪ್ಪತ್ತು ಪದ, ಇಷ್ಟನ್ನು ಅವರ ದನಿಯಲ್ಲಿ ಮುದ್ರಿಸಿ ಹತ್ತಿರದ ಅಂಗನವಾಡಿ ಟೀಚರಿಗೆ ಕೊಡೋಣ. ಅವರು ಕೇಳಿ ಕಲಿಯಲಿ, ಮಕ್ಕಳಿಗೆ ಅವರೇ ಹೇಳಲಿ. ಕಾಲೇಜಿಗೆ ಮೊಬೈಲ್ ತರುವ ಅಗತ್ಯವೂ ಇಲ್ಲ, ಮನೆಯಲ್ಲೇ ಆಗುವ ಕೆಲಸ. ಆ್ಯಪಿನ ಹೊಸ ಬದಲಾವಣೆಗಳು ಅರ್ಥವಾಗದೆ ಒದ್ದಾಡುವ ಹಿರಿಯ ಕಾರ್ಯಕರ್ತೆಯರಿದ್ದರೆ ಮಕ್ಕಳು ಮನೆಗೆ ಹೋದ ಮೇಲೆ ಅರ್ಧ ಗಂಟೆ ಪಕ್ಕದಲ್ಲಿ ಕುಳಿತು ತೋರಿಸಿಕೊಡೋಣ. ಮಕ್ಕಳ ಮಾಹಿತಿ, ಪಾಸ್‌ವರ್ಡು ಅವರ ಕೈಯಲ್ಲೇ ಇರಲಿ, ನಾವು ಮುಟ್ಟುವುದು ಬೇಡ.

ಗ್ರಂಥಾಲಯದ ಹತ್ತಿರದ ಸೂಚನಾ ಫಲಕದಲ್ಲಿ ಒಂದು ಹಾಳೆ ಅಂಟಿಸಿದ್ದೇನೆ. ಹೆಸರು, ಮನೆಮಾತು, ಹತ್ತಿರದ ಅಂಗನವಾಡಿ, ಇಷ್ಟು ಬರೆದರೆ ಸಾಕು. ಎನ್‌ಎಸ್‌ಎಸ್ ಅಧಿಕಾರಿಯವರು ಒಪ್ಪಿಗೆ ಕೊಟ್ಟಿದ್ದಾರೆ. ಲಂಬಾಣಿ ಬಲ್ಲವರು ಯಾರಾದರೂ ಇದ್ದರೆ ಮೊದಲು ಬನ್ನಿ, ಒಬ್ಬ ಹುಡುಗನಿಗೆ ಕಥೆ ಬೇಕಾಗಿದೆ.